ರವದಿ ಆಯ್ದ ದುಂಡವ್ವ

ಹತ್ತರ ಬರ್ರಿ, ದೂರ ಕುಂತವ್ರಿಗೆ ಕತಿ ಅರ್ಧಾ ಕೇಳಸ್ತೈತಿ. ಯಾವ ರಾಜ್ಯ, ಯಾವ ರಾಜ ಅಂತ ನನ್ನ ಕೇಳಬ್ಯಾಡ್ರಿ. ಕಬ್ಬು ಬೆಳಿಯೋ ಒಂದು ಊರಿತ್ತು, ಊರಿಗೊಂದೇ ಗಾಣ ಇತ್ತು, ಸಾಕಲ್ಲ?

ಆ ಗಾಣಕ್ಕೊಂದು ಕಟ್ಟಳಿ. ಒಬ್ಬೊಬ್ಬರದು ಒಂದೊಂದು ಸರದಿ. ಕೊಪ್ಪರಿಗ್ಯಾಗ ಕಬ್ಬಿನ ಹಾಲು ಕುದಿಯೋ ಮುಂದ ಯಾರ ಒಲಿ ಆರ್ತೈತಿ, ಅವರಿಗೆ ಗಾಣದ ಹಕ್ಕು ಹೋತು. ಗಾಣ ಇಲ್ಲಂದ್ರ ಬೆಲ್ಲ ಇಲ್ಲ. ಬೆಲ್ಲ ಇಲ್ಲಂದ್ರ ಕಬ್ಬು ಬೆಳದು ಏನ್ ಮಾಡೋದು, ದನಕ್ಕ ಹಾಕೋದಾ?

ದುಂಡವ್ವ ಅಂತ ಒಬ್ಬಾಕಿ. ಗಂಡ ಸತ್ತಿದ್ದ, ತುಂಡು ಹೊಲ ಉಳಿದಿತ್ತು. ಆ ವರ್ಷ ಆಕಿ ಸರದಿ ಬರೋ ಹೊತ್ತಿಗೆ ಅಕಾಲದ ಮಳಿ ಹೊಡೀತು. ಒಲಿಗೆ ಹಾಕೋ ಕಬ್ಬಿನ ಸಿಪ್ಪಿ ಒಟ್ಟಿದಲ್ಲೇ ನೆಂದು ನಾರಾಕ ಹತ್ತಿತು. ಹಳ್ಳದ ದಂಡಿ ಜಾಲಿ ಎಲ್ಲಾ ಕಡಿಸಿ ಊರ ಗೌಡ ರಾಯನಗೌಡ ತನಗಂತ ಒಟ್ಟಿದ್ದ. ಆಕಿದಾದ ಮ್ಯಾಲೆ ಅವಂದೇ ಸರದಿ.

"ಗೌಡ್ರ, ಒಂದು ಹೊರಿ ಕಟಗಿ ಕೊಡ್ರಿ. ಇಲ್ಲಂದ್ರ ನನ್ನ ಒಲಿ ಆರತೈತಿ."

"ಕಟಗಿ ಇಲ್ಲ. ಹೊಲದಾಗ ರವದಿ ಬಿದ್ದೈತಲ್ಲ, ಹೋಗು. ನಮ್ಮ ಬೆಂಕಿ ಬರೋದ್ರೊಳಗ ಎಷ್ಟು ಆಯ್ಕೊಂತಿ, ಅಷ್ಟು ನಿಂದು."

ರವದಿ ಅಂದ್ರ ಕಬ್ಬು ಕಡದ ಮ್ಯಾಲೆ ಉಳಿಯೋ ಒಣ ಎಲಿ. ಅದನ್ನ ಹೊಲದಾಗ ಸುಡೋದು ಆ ಊರಿನ ಪದ್ಧತಿ. ಮಳಿ ಆದ ಮ್ಯಾಲೆ ಬಿಸಲು ಬಿದ್ದು ಅದು ಗರಿಗರಿ ಒಣಗಿತ್ತು. ದುಂಡವ್ವನ ಹೊಲದ್ದು ಒಂದು ಹೊರಿ ಆತು. ಅದ್ಯಾತಕ್ಕೂ ಸಾಲದು. ಊರಾಗ ಸುಡೋದು ಮೂರು ಹೊಲ ಉಳಿದಿದ್ದು, ಮೂರಕ್ಕೂ ಕೊಳ್ಳಿ ಇಡೋರು ಗೌಡನ ಆಳುಗಳೇ.

ಮೊದಲನೇ ಹೊಲಕ್ಕ ಓಡಿದ್ಲು. ಬಗ್ಗಿ ಆಯ್ದು ಹೊರಿ ಕಟ್ಟೋದ್ರೊಳಗ ಬೆಂಕಿ ಬಂತು, ಹೊರಿ ಬಿಟ್ಟು ಓಡಿ ಜೀವಾ ಉಳಿಸಿಕೊಂಡ್ಲು. ಎರಡನೇ ಹೊಲಕ್ಕ ಓಡಿದ್ಲು. ಅರ್ಧಾ ಸಿಕ್ತು, ಅರ್ಧಾ ಬೂದಿ ಆತು. ಮೂರನೇದು ಗೌಡನ ಹೊಲ. ಅಲ್ಲಿ ಆಕಿ ಹೊಲದ ನಡುವ ಹೋಗಿ, ಸುತ್ತ ಕೆರದು ಕೆರದು ಎಲ್ಲಾ ಒಂದ ಕಡೆ ಒಟ್ಟಾಕ ಹತ್ತಿದ್ಲು. ಎಲಿ ಅಂಚು ಕೈ ಕೊಯ್ದು ರಕ್ತ ಸೋರತಿತ್ತು.

ಗೌಡನ ಆಳುಗಳು ಕೊಳ್ಳಿ ಹಿಡಕೊಂಡು ನಿಂತ್ರು. "ಒಳಗ ದುಂಡವ್ವ ಅದಾಳ್ರಿ," ಅಂದ ಒಬ್ಬ.

"ಗಾಳಿ ಛಲೋ ಐತಿ. ಹಚ್ರಿ," ಅಂದ ಗೌಡ.

ಕೇಳಿದ್ರಲ್ಲ? ಹಂಗ ಅಂದ. ನಾಕೂ ಕಡೆ ಹಚ್ಚಿದ್ರು.

ಉರಿ ಆಳೆತ್ತರ ಎದ್ದು ಬಂತು. ಓಡಾಕ ದಾರಿ ಇಲ್ಲ. ದುಂಡವ್ವನ ಹತ್ರ ಹೊರಿ ಕಟ್ಟಾಕ ತಂದ ಕೌದಿ ಒಂದಿತ್ತು. ಮಗ್ಗಲದ ನೀರಿನ ಕಾಲಿವ್ಯಾಗ ಅದನ್ನ ಅದ್ದಿ, ರವದಿ ಮ್ಯಾಲೆ ಹೊಚ್ಚಿ, ತಾನೂ ಅದರ ಕೆಳಗ ನುಸುಳಿದ್ಲು. ಉರಿ ಕೆರದ ನೆಲದ ತನಕ ಬಂತು. ಸುಡಾಕ ಅಲ್ಲಿ ಒಂದ ಎಲಿನೂ ಇರಲಿಲ್ಲ. ಸುತ್ತ ಬಳಸಿಕೊಂಡು ಮುಂದ ಹೋತು. ಕೌದಿ ಅಂಚು ಸುಟ್ಟಿತ್ತು, ಆಕಿ ಹುಬ್ಬು ಸುಟ್ಟಿದ್ದು, ರವದಿ ಉಳಿದಿತ್ತು.

ಆಕಿ ಸರದಿ ಬಂತು. ಒಲಿ ಮುಂದ ಮಂದಿ ನಕ್ಕರು. "ಎಲಿ ಅದು. ಭಗ್ ಅಂತೈತಿ, ಆರತೈತಿ."

ಆಕಿ ರವದಿನ್ನ ಹಗ್ಗ ಹೊಸದಂಗ ಬಿಗಿಯಾಗಿ ಹೊಸದು, ಗಂಟು ಹಾಕಿ, ಒಂದೊಂದ ಒಲಿಗೆ ಕೊಟ್ಳು. ಗಂಟು ಕಟಗಿ ಉರದಂಗ ನಿಂತು ಉರೀತು. ಪಾಕ ಬಂತು, ಬೆಲ್ಲ ಆತು. ಹಿತ್ತಲದಾಗ ಇನ್ನೂ ಒಂದು ಬಣವಿ ರವದಿ ಉಳೀತು.

ಮರದಿನ ಗೌಡನ ಸರದಿ. ಕೊಪ್ಪರಿಗಿ ತುಂಬ ಹಾಲು, ಒಲಿ ತುಂಬ ಹಸಿ ಜಾಲಿ. ಹೊಗಿ ಅಂದ್ರ ಹೊಗಿ, ಉರಿ ಮಾತ್ರ ಇಲ್ಲ. ಕುದಿ ಇಳೀತಾ ಬಂತು. ಊರಿನ ರವದಿ ಎಲ್ಲಾ ಬೂದಿ ಆಗಿತ್ತು, ಅವನ ಕೈಯಾರೆ. ರುಮಾಲು ಬಿದ್ದಿದ್ದೂ ಗೊತ್ತಿಲ್ದ ದುಂಡವ್ವನ ಹಿತ್ತಲಕ್ಕ ಓಡಿ ಬಂದ.

"ತಂಗೀ, ರವದಿ ಕೊಡು. ಗಾಣದ ಹಕ್ಕು ಹೋಗತೈತಿ."

ದುಂಡವ್ವ ಒಳಗ ಹೋಗಿ ಒಲ್ಯಾಗಿಂದ ಕೊಳ್ಳಿ ತಂದು ಬಣವಿ ಮಗ್ಗಲಕ್ಕ ನಿಂತ್ಳು. "ಆಯ್ಕೊಳ್ರಿ ಗೌಡ್ರ. ನನ್ನ ಬೆಂಕಿ ಬರೋದ್ರೊಳಗ ಎಷ್ಟು ಆಯ್ಕೊಂತೀರಿ, ಅಷ್ಟು ನಿಮ್ಮದು."

ಗೌಡ ಮಣಕಾಲೂರಿ ಎರಡೂ ಕೈಲೆ ಬಾಚಿದ. ಎಲಿ ಅಂಗೈ ಕೊಯ್ತು. ಕಣ್ಣು ಕೊಳ್ಳಿ ಮ್ಯಾಲೇ ಇತ್ತು. ಆಕಿ ಅವನ ಅಂಗೈಯಾಗ ರಕ್ತ ಕಂಡ ಮ್ಯಾಲೆ ಕೊಳ್ಳಿ ಮಣ್ಣಾಗ ಒತ್ತಿ ಆರಿಸಿದ್ಲು.

"ಹಂಗ ಬಾಚಿದ್ರ ಉರಿಯಂಗಿಲ್ರಿ," ಅಂದ್ಲು. "ಕುಂದರ್ರಿ, ಹೊಸಿಯೋದು ತೋರಸ್ತೀನಿ."

ಗೌಡನ ಒಲಿ ಆರಲಿಲ್ಲ. ಆ ವರ್ಷದಿಂದ ಆ ಊರಾಗ ಕಬ್ಬಿನ ಹೊಲಕ್ಕ ಯಾರೂ ಬೆಂಕಿ ಹಚ್ಚಲಿಲ್ಲ. ಕೊಪ್ಪರಿಗಿ ಇಳೀತು, ಕತಿ ಬೆಲ್ಲದಂಗ ಅಚ್ಚಿಗೆ ಬಿತ್ತು. ಬೆಲ್ಲ ನಿಮಗ, ಬೂದಿ ನನಗ.