ಇಬ್ಬರೇ ಮಕ್ಕಳು

ಲೈಟು ಇರಲಿ, ಆರಿಸಬೇಡಿ. ಮಕ್ಕಳು ಮಲಗಿದ್ದಾರೆ ತಾನೇ? ಹಾಗಾದರೆ ಹೇಳುತ್ತೇನೆ.

ಇದು ಇಲ್ಲೇ ಜಪಾನಿನ ಓಜಿಮಾದಲ್ಲಿ ನಮ್ಮ ಪಕ್ಕದ ಮನೆಯ ಜಾಹ್ನವಿಗೆ ಆದದ್ದು. ಅವಳು, ಅವಳ ಗಂಡ, ಅಜ್ಜಿ, ನಾನು ಆಸ್ಪತ್ರೆಯಿಂದ ನಡೆದು ಬರುತ್ತಿದ್ದೆವು. ಡಿಸೆಂಬರ್ ತಿಂಗಳು, ಐದು ಗಂಟೆಗೇ ಗವ್ವೆನ್ನುವ ಕತ್ತಲು. ಕಾಲುವೆಯ ಪಕ್ಕ ಒಂದು ಹಳೇ ಬಾವಿ ಇದೆ. ಮೇಲೆ ಬಿದಿರಿನ ಮುಚ್ಚಳ. ಸುತ್ತ ಪುಟ್ಟ ಪುಟ್ಟ ಕಲ್ಲಿನ ಬೊಂಬೆಗಳು, ಉಳಿಯದೆ ಹೋದ ಮಕ್ಕಳ ಹೆಸರಲ್ಲಿ ಇಟ್ಟವು. ಕೊರಳಿಗೆ ಕೆಂಪು ಬಟ್ಟೆ, ಪಕ್ಕಕ್ಕೊಂದು ಪ್ಲಾಸ್ಟಿಕ್ ಗಿರಗಿಟ್ಲೆ.

ಗಾಳಿ ಇರಲಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆದರೂ ಮೂರು ಗಿರಗಿಟ್ಲೆ ಮಾತ್ರ... ಟರ್ರ್... ಟರ್ರ್...

ತಾಳಿ. ಆಸ್ಪತ್ರೆಯಲ್ಲಿ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ಜಾಹ್ನವಿಗೆ ಆಗ ಎಂಟು ತಿಂಗಳು. ಗಂಡ ಗುರುರಾಜ ಅವಳ ಅಮ್ಮನ ಒಡಹುಟ್ಟಿದ ತಮ್ಮ. ಅಂದರೆ ಬಾಣಂತನಕ್ಕೆ ಬಂದಿದ್ದ ವೇದವಲ್ಲಿ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ನಮ್ಮಲ್ಲಿ ಇದೇನು ಹೊಸದಲ್ಲ. ಆದರೆ ಇಲ್ಲಿಯ ಕಾನೂನು ಇಂಥ ಮದುವೆ ಒಪ್ಪುವುದಿಲ್ಲ. ವೀಸಾಕ್ಕೆ ಎಲ್ಲಿ ಕುತ್ತು ಬರುತ್ತದೋ ಅಂತ ಗುರುರಾಜ ಬಾಯಿ ಬಿಟ್ಟಿರಲಿಲ್ಲ. ಅವನ ಜಪಾನೀಸ್ ಕೊಂಬಿನಿ ಅಂಗಡಿಯಲ್ಲಿ ಹಾಲು ತರುವಷ್ಟು. ಹಾಗಾಗಿ ಅತ್ತಿತ್ತ ಮಾತು ತಿಳಿಸಿ ಹೇಳಲು ನಾನು.

ನರ್ಸ್ ಮೊರಿತಾ ಸಾನ್ ಹಾಳೆಯ ಮೇಲೆ ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸೊನ್ನೆ ಬರೆಯುತ್ತಾ ಎರಡೂ ಕಡೆಯ ವಂಶ ವಿಚಾರಿಸಿದರು. ಜಾಹ್ನವಿಗೆ ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ, ಅದಕ್ಕೇ ಇಷ್ಟೆಲ್ಲ. ನೀವಿಬ್ಬರೂ ರಕ್ತಸಂಬಂಧಿಗಳಾ ಅಂತ ಕೇಳಿದರು.

ಜಾಹ್ನವಿ ಗಂಡನ ತೋಳು ಹಿಡಿದಳು. "ಮಾಮ... ಹೇಳ್ಬಿಡೋಣ ಮಾಮ."

ಚಿಕ್ಕಂದಿನಿಂದ ಕರೆದದ್ದು, ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಜಪಾನಿನಲ್ಲಿ ಮಾಮ ಅಂದರೆ ಅಮ್ಮ. ಮೊರಿತಾ ಸಾನ್ ಮರುಕದಿಂದ, ಪಾಪ, ತಾಯಿ ನೆನಪಾಗುತ್ತಿದ್ದಾರಾ ಅಂದರು. ಗುರುರಾಜ ನನ್ನ ಕಡೆ ತಿರುಗಿದ.

"ಹೌದು ಅಂದ್ಬಿಡಿ. ಸಂಬಂಧ ಏನೂ ಇಲ್ಲ ಅನ್ನಿ."

ನಾನು ಅಂದುಬಿಟ್ಟೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ, ನನ್ನ ಮೇಲೇ.

ಮುಂದಿನ ಪ್ರಶ್ನೆ ಅಜ್ಜಿಗೆ. ಎಷ್ಟು ಮಕ್ಕಳು ಹೆತ್ತಿರಿ? ಯಾವ ಮಗುವಿಗಾದರೂ ಹೊಕ್ಕುಳು ಉದುರಿದ ಮೇಲೆ ರಕ್ತ ನಿಲ್ಲದೆ ಹೋಗಿತ್ತಾ? ಅಜ್ಜಿ ಸೆರಗು ಸರಿಮಾಡಿಕೊಂಡರು.

"ಇಬ್ಬರೇ. ಇಬ್ರೂ ಗುಂಡುಕಲ್ಲಿನ ಹಾಗಿದಾರೆ."

ಈಗ ಬಾವಿಯ ಹತ್ತಿರ ಬನ್ನಿ. ಗಿರಗಿಟ್ಲೆಗಳು ಒಮ್ಮೆಗೇ ನಿಂತವು. ಮುಚ್ಚಳದ ಕೆಳಗಿಂದ ಹನಿ ಬೀಳುವ ಸದ್ದು... ಚಿಟ್... ಚಿಟ್... ಆಮೇಲೆ ಕನ್ನಡದಲ್ಲಿ, ಉಸಿರಿನಷ್ಟು ಮೆಲ್ಲಗೆ...

"ನಾನು?"

ಇನ್ನೊಂದು ದನಿ. "ನಾನು?"

ಮತ್ತೊಂದು, ಇನ್ನೂ ಎಳೆಯದು. "ನಾನು?"

ಗಂಡ ಹೆಂಡತಿ ಮುಂದೆ ಹೋಗಿದ್ದರು, ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಅಜ್ಜಿಗೂ ಕೇಳಿಸಿತು. ಅವರು ಬಾವಿಯ ಕಡೆ ತಿರುಗಲಿಲ್ಲ. ಹಲ್ಲು ಕಚ್ಚಿಕೊಂಡು, ಆಸ್ಪತ್ರೆಯಲ್ಲಿ ಅಂದ ಹಾಗೇ ಅಂದರು.

"ಇಬ್ಬರೇ."

ಏನಜ್ಜಿ ಅದು ಅಂದೆ. ಗಾಳಿ ಕಣೇ, ನಡಿ ಅಂದರು.

ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ಡಬ್ಬಿ ಕೊಟ್ಟರು. ಉದುರಿದ ಹೊಕ್ಕುಳಬಳ್ಳಿಯನ್ನು ಅದರಲ್ಲಿ ಜೋಪಾನವಾಗಿ ಇಡುವುದು ಇಲ್ಲಿಯ ಪದ್ಧತಿ. ಎಂಟನೇ ದಿನ ಉದುರಿತು, ಜಾಹ್ನವಿ ಡಬ್ಬಿಗೆ ಹಾಕಿದಳು. ಸಂಜೆ ಹೊಕ್ಕುಳಲ್ಲಿ ಒಂದು ಹನಿ ರಕ್ತ. ಒರೆಸಿದರೆ ಇನ್ನೊಂದು. ಎಲ್ಲ ಮಕ್ಕಳಿಗೂ ಆಗುತ್ತೆ ಅಂತ ಅಜ್ಜಿ ಅರಿಸಿನ ಒತ್ತಿದರು. ರಾತ್ರಿ ಹತ್ತಕ್ಕೆ ನಾನು ಹೋಗಿ ನೋಡಿದರೆ ಸುತ್ತಿದ ಬಟ್ಟೆಯೆಲ್ಲ ತೊಯ್ದಿತ್ತು.

ಆಸ್ಪತ್ರೆಯಲ್ಲಿ ಮಾಮೂಲಿ ಪರೀಕ್ಷೆಗಳು ಸರಿಯಾಗೇ ಬಂದವು. ಮೊರಿತಾ ಸಾನ್ ಅದೇ ಹಾಳೆ ಹಿಡಿದು ಮತ್ತೆ ಕೇಳಿದರು. ಸುಮಿಮಾಸೆನ್, ಕ್ಷಮಿಸಿ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ನಾನು ಅಜ್ಜಿಯ ಕೈ ಹಿಡಿದು ಕನ್ನಡದಲ್ಲಿ ಕೇಳಿದೆ. ಅಜ್ಜಿ ಮಗುವಿನ ಮುಖ ನೋಡುತ್ತಲೇ, "ಇಲ್ಲ" ಅಂದರು. ಗುರುರಾಜ ನೆಲ ನೋಡುತ್ತಿದ್ದ. ಇವನು ಮದುವೆಯಾದದ್ದು ಅಕ್ಕನ ಮಗಳನ್ನೇ ಅಂತ ಕೊನೆಗೆ ನಾನೇ ಹೇಳಿದೆ, ಬೆಳಗಿನ ಜಾವ ನಾಲ್ಕಕ್ಕೆ. ಐದಕ್ಕೆ ಮಗು ಹೋಯಿತು.

ರಕ್ತ ಗಟ್ಟಿಯಾಗಿ ನಿಲ್ಲಲು ಬೇಕಾದ ಒಂದು ಅಂಶ ಮಗುವಿನಲ್ಲಿ ಇರಲೇ ಇಲ್ಲವಂತೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಕೊರತೆ ಬಂದರೆ ಮಾತ್ರ ಹೀಗಂತೆ. ಅದನ್ನು ಕಂಡುಹಿಡಿಯುವ ಪರೀಕ್ಷೆಯೇ ಬೇರೆ, ಅದಕ್ಕೇ ಅವರು ಅಷ್ಟು ಸಲ ಕೇಳಿದ್ದು. ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟರೆ ಅಂಥ ಮಕ್ಕಳು ಎಲ್ಲರ ಹಾಗೆ ಶಾಲೆಗೆ ಹೋಗುತ್ತಾರೆ ಅಂದರು ಮೊರಿತಾ ಸಾನ್. ಅದನ್ನು ಜಾಹ್ನವಿಗೆ ಕನ್ನಡದಲ್ಲಿ ಹೇಳಿದವಳೂ ನಾನೇ.

ಆ ವಾರ ಬೆಂಗಳೂರಿನಿಂದ ಅವಳ ಅಮ್ಮ ಫೋನಿನಲ್ಲಿ ಅತ್ತು ಬಾಯಿ ಬಿಟ್ಟರು. ಅಜ್ಜಿ ಹೆತ್ತದ್ದು ಐದು. ಮೂರು ಮಕ್ಕಳು ಹೊಕ್ಕುಳು ಉದುರಿದ ವಾರವೇ ಹೋಗಿದ್ದವು. ಮನೆತನಕ್ಕೆ ಕೆಟ್ಟ ಹೆಸರು ಅಂತ ಆ ಮಾತನ್ನೇ ಎತ್ತಕೂಡದೆಂದು ಅಜ್ಜಿಯ ಕಟ್ಟಪ್ಪಣೆ.

ಊರಿಗೆ ಹೊರಡುವ ದಿನ ಜಾಹ್ನವಿ ಆ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು. ತೆರೆದು ತೋರಿಸಿದಳು. ಮುಚ್ಚಳ ಟಕ್ ಅಂದಿತು. ಅವಳು ಹಾಕಿದ್ದು ಒಂದೇ ಒಂದು ಬಳ್ಳಿ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಡಬ್ಬಿ ಅಗೋ, ಆ ಕಪಾಟಿನಲ್ಲೇ ಇದೆ. ನಾನೇ ಎಣಿಸಿದ್ದೇನೆ. ನಾಲ್ಕಿವೆ.