ಅರಮನೆಯ ಅಂಗಳದಲ್ಲಿ ಅಪೊಲೋನಿಯಾ

ಹೆಸರು: ಕ್ಯಾಥರಿನ್ ಲೋಬೊ. ಗಂಡನ ಹೆಸರು: ಡೋಲ್ಫಿ ಲೋಬೊ. ವಯಸ್ಸು: ಮೂವತ್ತನಾಲ್ಕು. ಉದ್ಯೋಗ: ಆಸ್ಪತ್ರೆಯಲ್ಲಿ ನರ್ಸ್. ವಾಸ: ಸಾಲ್ಮಿಯಾ, ಕುವೈತ್. ಸ್ವಂತ ಊರು: ಕಾರ್ಕಳ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ.

ಹೇಳಿಕೆ ಕೊಡುವಷ್ಟು ಅರಬ್ಬಿ ನನಗೆ ಬಾರದ ಕಾರಣ, ಠಾಣೆಯವರು ಕರೆಸಿದ ದುಭಾಷಿ ಅಹ್ಮದ್ ಕುಂಞಿಯವರು ನಾನು ಕನ್ನಡದಲ್ಲಿ ಹೇಳುವುದನ್ನು ಬರೆದುಕೊಳ್ಳುತ್ತಿದ್ದಾರೆ. ಅವರ ಮುಂದೆ ನಾನು ತಿಳಿಸುವುದೇನೆಂದರೆ:

ಅಪೊಲೋನಿಯಾ ನನ್ನ ಒಡಹುಟ್ಟಿದ ತಂಗಿ. ಎರಡು ವರ್ಷದ ಕರಾರಿನ ಮೇಲೆ ಇಲ್ಲಿಯ ಒಂದು ಮನೆಗೆ ಕೆಲಸಕ್ಕೆ ಬಂದವಳು. ಕರಾರು ಕಳೆದ ನವೆಂಬರಿನಲ್ಲೇ ಮುಗಿದಿದೆ. ಪಾಸ್‌ಪೋರ್ಟ್ ಮನೆಯ ಯಜಮಾನರ ಬಳಿ ಇದೆ. ಇಷ್ಟು ದಿನದಲ್ಲಿ ಅವಳಿಗೆ ಒಂದು ಶುಕ್ರವಾರವೂ ರಜೆ ಸಿಕ್ಕಿಲ್ಲ. ಒಂದೇ ಊರಿನಲ್ಲಿದ್ದರೂ ನಾನು ಅವಳ ಮುಖ ನೋಡಿರಲಿಲ್ಲ.

ಜನವರಿ ತಿಂಗಳಲ್ಲಿ ಊರಿನಲ್ಲಿ ನಮ್ಮ ತಾಯಿ ತೀರಿಕೊಂಡರು. ನನಗೆ ತಂತಿ ಬಂತು. ಆ ಸಂಜೆಯೇ ತಂಗಿ ಇರುವ ಮನೆಗೆ ಫೋನ್ ಮಾಡಿದೆ. ಮನೆಯೊಡತಿ ತೆಗೆದುಕೊಂಡರು. ವಿಷಯ ಕೇಳಿ ಅಯ್ಯೋ ಎಂದರು, ದೇವರು ಒಳ್ಳೆಯದು ಮಾಡಲಿ ಎಂದರು. ಆದರೆ ಈಗಲೇ ಹೇಳುವುದು ಬೇಡ, ಅವಳು ಅತ್ತರೆ ಮಕ್ಕಳು ಹೆದರುತ್ತಾರೆ, ಸಮಯ ನೋಡಿ ತಾವೇ ಹೇಳುವುದಾಗಿ ತಿಳಿಸಿದರು. ಆಮೇಲೆ ಎರಡು ಸಲ ಫೋನ್ ಮಾಡಿದಾಗಲೂ ಅದೇ ಉತ್ತರ ಬಂತು.

ನಿನ್ನೆ ಗುರುವಾರ ಮನೆಯೊಡತಿ ಹೊರಗೆ ಹೋಗಿದ್ದಾಗ ತಂಗಿಯೇ ಫೋನ್ ಮಾಡಿದಳು. ಶುಕ್ರವಾರ ಮಕ್ಕಳನ್ನು ಈಗ ಮ್ಯೂಸಿಯಂ ಆಗಿರುವ ಹಳೆಯ ಅರಮನೆ ತೋರಿಸಲು ಕರೆದುಕೊಂಡು ಹೋಗುತ್ತಾರೆ, ಸಣ್ಣ ಮಗುವನ್ನು ಎತ್ತಿಕೊಳ್ಳಲು ತಾನೂ ಇರುತ್ತೇನೆ, ಬನ್ನಿ ಎಂದಳು. ಮಾಯ್, ಅಂದರೆ ನಮ್ಮ ತಾಯಿ, ಹೇಗಿದ್ದಾಳೆ ಎಂದು ಕೇಳಿದಳು. ಲೈನ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಇಂದು ಮಧ್ಯಾಹ್ನ ಊಟವಾದ ಮೇಲೆ ನಾನೂ ನನ್ನ ಗಂಡನೂ ನಮ್ಮ ಕಾರಿನಲ್ಲಿ ಹೊರಟೆವು. ಅವರು ರಾಯ್ ಬಡಾವಣೆಯ ಒಂದು ಶೋರೂಮಿನಲ್ಲಿ ಲೆಕ್ಕಪತ್ರ ನೋಡುತ್ತಾರೆ. ಅವರಿಗೆ ಬರಲು ಮನಸ್ಸಿರಲಿಲ್ಲ. ಮ್ಯೂಸಿಯಂ ನೋಡಲು ಬಂದವರ ಹಾಗೇ ಇರಬೇಕು, ಐದು ನಿಮಿಷ ಮಾತಾಡಿ ಹೊರಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು.

ನಾಲ್ಕು ಗಂಟೆಯ ಸುಮಾರಿಗೆ ಅಲ್ಲಿಗೆ ತಲುಪಿದೆವು. ಇಲ್ಲಿಯ ರಾಷ್ಟ್ರೀಯ ಹಬ್ಬದ ವಾರವಾದ್ದರಿಂದ ಜನ ತುಂಬಿದ್ದರು. ನನ್ನ ಗಂಡ ಒಂದೊಂದು ಕೋಣೆಯ ಮುಂದೆಯೂ ನಿಂತು ಇಂಗ್ಲಿಷ್ ಬೋರ್ಡ್ ಓದಿದರು. ಈ ತೊಲೆಗಳೆಲ್ಲ ನಮ್ಮ ಕಡೆಯಿಂದ ಹಾಯಿಹಡಗಿನಲ್ಲಿ ಬಂದ ಮರ ನೋಡು ಎಂದು ತೋರಿಸಿದರು. ನಾನು ತೊಲೆ ನೋಡಲಿಲ್ಲ. ಹಿಂದಿನ ಕಾಲದಲ್ಲಿ ಅರಮನೆಯ ಹೆಂಗಸರು ಕೂರುತ್ತಿದ್ದ ಒಳ ಅಂಗಳದಲ್ಲಿ, ಕಟ್ಟೆಯ ಮೇಲೆ, ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು ತಂಗಿ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ಮೊದಲು ಗುರುತು ಹಿಡಿದದ್ದು ಅವಳೇ.

ಮನೆಯೊಡತಿ ದೊಡ್ಡ ಮಕ್ಕಳೊಂದಿಗೆ ಮಹಡಿಯ ಮೇಲಿದ್ದರು. ನಾನು ತಂಗಿಯ ಪಕ್ಕ ಕೂತು ತಾಯಿಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಗುವಿನ ತಲೆ ತಟ್ಟುತ್ತಲೇ ಇದ್ದಳು. ಆಮೇಲೆ, "ಮಾಯ್‌ಗೆ ಯಾವ ಸೀರೆ ಉಡಿಸಿದ್ರು ಅಕ್ಕಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆಗ ಅವಳು ಕೂಗಿ ಅತ್ತಳು. ಮಗು ಎದ್ದು ಅಳತೊಡಗಿತು. ಕಾವಲಿನ ಮುದುಕರು ಓಡಿ ಬಂದು, ಕಾರಣ ಕೇಳದೆ, ಒಂದು ಲೋಟ ನೀರು ತಂದುಕೊಟ್ಟರು.

ಮನೆಯೊಡತಿ ಕೆಳಗೆ ಬಂದರು. ತಂಗಿ ಎದ್ದು ಮಗುವಿನ ಮೂಗು ಒರೆಸಿ, ಅದನ್ನು ಜೋಪಾನವಾಗಿ ಅವರ ಕೈಗೆ ಕೊಟ್ಟಳು. ನಾನು ನೋಡಿದ್ದೇನೆ. ಮಗುವನ್ನು ನೆಲದ ಮೇಲೆ ಬಿಟ್ಟು ಓಡಿದಳು ಎಂದು ಮನೆಯೊಡತಿಯ ದೂರಿನಲ್ಲಿರುವುದು ಸುಳ್ಳು. ತನಗೆ ಊರಿಗೆ ಹೋಗಬೇಕು ಎಂದು ತಂಗಿ ಅರಬ್ಬಿಯಲ್ಲಿ ಹೇಳಿದಳು. ಅದನ್ನು ಮನೆಯಲ್ಲಿ ಮಾತಾಡೋಣ, ಯಲ್ಲಾ, ನಡಿ, ಎಂದು ಅವರು ಹೇಳಿದರು.

ನನ್ನ ಗಂಡ ನನ್ನ ತೋಳು ಹಿಡಿದು ಹೊರಗೆ ನಡೆಸಿದರು. ನಾನೂ ಹೋಗಿ ಕಾರಿನಲ್ಲಿ ಕೂತೆ. ಕೂತದ್ದು ನಿಜ.

ತಂಗಿ ಹಿಂದೆಯೇ ಓಡಿ ಬಂದು ಹಿಂಬಾಗಿಲಿನ ಹಿಡಿ ಹಿಡಿದುಕೊಂಡಳು. "ಭಾವಾ, ನನ್ನನ್ನು ಬಿಟ್ಟು ಹೋಗ್ಬೇಡಿ, ರಾಯಭಾರ ಕಚೇರಿಯ ಬಾಗಿಲಲ್ಲಿ ಇಳಿಸಿದ್ರೆ ಸಾಕು," ಎಂದಳು. ನನ್ನ ಗಂಡ ಇಳಿದು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒರಟಾಗಿ ಅಲ್ಲ. ಮಕ್ಕಳ ಕೈಯಿಂದ ಕತ್ತರಿ ತೆಗೆಯುತ್ತೇವಲ್ಲ, ಹಾಗೆ. ನನ್ನ ಕಡೆ ನೋಡಿ, "ಇವಳನ್ನು ಹತ್ತಿಸಿಕೊಂಡ್ರೆ ನಮ್ಮ ಇಕಾಮಾ ಖಲಾಸ್, ಗೊತ್ತುಂಟಾ?" ಎಂದರು.

ಇಲ್ಲಿ ವಾಸಿಸುವ ಪರವಾನಗಿಯೇ ಹೋಗುತ್ತದೆಂದು ನನಗೆ ಗೊತ್ತಿತ್ತು. ನಾನು ಇಳಿದು ತಂಗಿಯನ್ನು ತಬ್ಬಿಕೊಂಡು ಅಲ್ಲೇ ರಸ್ತೆಯಲ್ಲಿ ನಿಂತೆ. ಮ್ಯೂಸಿಯಮ್ಮಿನ ಕಚೇರಿಯಿಂದ ಯಾರೋ ಫೋನ್ ಮಾಡಿದರು, ಪೊಲೀಸ್ ವ್ಯಾನ್ ಬಂತು, ಎಲ್ಲರನ್ನೂ ಠಾಣೆಗೆ ಕರೆತಂದರು.

ಇಲ್ಲಿ ಮೊದಲು ನನ್ನ ಗಂಡನ ಹೇಳಿಕೆ ಬರೆದುಕೊಂಡರು. ಅಹ್ಮದ್ ಕುಂಞಿಯವರು ಅದನ್ನು ನನಗೂ ತಂಗಿಗೂ ಓದಿ ಹೇಳಿದರು. ಓದುವಾಗ ಅವರು ಎರಡು ಸಲ ನಿಲ್ಲಿಸಿದರು. ತಾನು ಹೆಂಡತಿಯೊಂದಿಗೆ ಮ್ಯೂಸಿಯಂ ನೋಡಲು ಬಂದಿದ್ದು, ಪರಿಚಯವಿಲ್ಲದ ಒಬ್ಬ ಹೆಂಗಸು ಅಳುತ್ತ ಬಂದು ಕಾರು ಹಿಡಿದಳು ಎಂದು ಅದರಲ್ಲಿದೆ. ತಂಗಿ ಕೇಳಿಸಿಕೊಂಡು, ತಲೆಯ ಬಟ್ಟೆ ಸರಿಮಾಡಿ, ತಾನಾಗಿಯೇ ಎದ್ದು ಮನೆಯೊಡತಿಯ ಹತ್ತಿರ ಹೋಗಿ ನಿಂತಳು. ನಾನು ಹೆಸರು ಹಿಡಿದು ಕರೆದೆ. "ಸಾಕು ಅಕ್ಕಾ. ನಿನ್ನ ಸಂಸಾರವಾದ್ರೂ ಉಳೀಲಿ," ಎಂದಳು. ಮನೆಯೊಡತಿ ಅವಳನ್ನು ಕರೆದುಕೊಂಡು ಹೋದರು. ಮುಂದಿನ ತಿಂಗಳು ಊರಿಗೆ ಕಳಿಸುತ್ತಾರಂತೆ ಎಂದು ಅಧಿಕಾರಿಯವರು ನನಗೆ ತಿಳಿಸಿದರು. ಬರಹದಲ್ಲಿ ಕೊಡಿ ಎಂದು ಕೇಳಿದೆ. ಕೊಡಲಿಲ್ಲ.

ಗಂಡ ಹೊರಗೆ ಕಾಯುತ್ತಿದ್ದಾರೆ, ಅವರು ಹೇಳಿದ್ದೇ ಸರಿ ಎಂದು ಒಂದು ಸಾಲು ಬರೆಸಿದರೆ ಈಗಲೇ ಮನೆಗೆ ಹೋಗಬಹುದು ಎಂದೂ ಅಧಿಕಾರಿಯವರು ಹೇಳಿದರು. ನಾನು ಒಪ್ಪಿಲ್ಲ. ಆಸ್ಪತ್ರೆಯ ಹಾಸ್ಟೆಲಿನ ಮೇಟ್ರನ್ನರಿಗೆ ಫೋನ್ ಮಾಡಿಸಲು ಕೇಳಿಕೊಂಡಿದ್ದೇನೆ.

ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇಲ್ಲಿದೆ, ಇದರಲ್ಲಿ ಸುಳ್ಳಿಲ್ಲ. ನನ್ನ ಗಂಡನ ಹೇಳಿಕೆಯಲ್ಲಿ 'ಪರಿಚಯವಿಲ್ಲದ ಹೆಂಗಸು' ಎಂದು ಇರುವಲ್ಲೆಲ್ಲ 'ನಾದಿನಿ' ಎಂದು ತಿದ್ದಿ ಓದಿಕೊಳ್ಳಬೇಕು.

ಸ್ಥಳ: ಕುವೈತ್
ತಾರೀಕು: 27 ಫೆಬ್ರವರಿ 1981
ಸಹಿ: ಕ್ಯಾಥರಿನ್ ಲೋಬೊ