ಮೂವತ್ತೊಂದರೊಳಗೆ

ಡಿಸೆಂಬರ್ ಇಪ್ಪತ್ತೊಂಬತ್ತು. ಅಮೆರಿಕದ ಟೊಲೀಡೊ ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿಕೊಂಡು ಕೂತಿದ್ದ ಡೊರೀನ್‌ಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಗಂಡನ ಕಾಲಿಗೆ ಪ್ಲಾಸ್ಟರ್, ಹೆಂಡತಿಯ ಕೈಯಲ್ಲಿ ಪೆನ್ನು, ಬರೆಯುತ್ತಿದ್ದ ಒಂದು ಪಟ್ಟಿ.

“ಸರಿಯಾಗಿ ಯೋಚನೆ ಮಾಡು ವರ್ಜಿಲ್. ಇನ್ನೆಲ್ಲಾದ್ರೂ ನೋವಿದೆಯಾ?”

“ಇಲ್ಲ ಕಣೇ.”

“ಆ ಇನ್ನೊಂದು ಮೊಣಕಾಲು?”

“ಚೆನ್ನಾಗಿದೆ.”

“ಚೆನ್ನಾಗಿರೋದನ್ನ ಕಟ್ಕೊಂಡು ಏನ್ ಮಾಡೋಣ? ಪ್ರತಿ ವರ್ಷ ಮೊದಲ ಆರು ಸಾವಿರ ಡಾಲರ್ ನಾವು ಕಕ್ಕಿದ ಮೇಲೇ ಇನ್ಶೂರೆನ್ಸ್‌ನೋರು ಕೈ ಬಿಚ್ಚೋದು. ನೀನು ಛಾವಣಿಯಿಂದ ಬಿದ್ದ ದಿನಾನೇ ಅದು ಮುಗೀತು. ಮೂವತ್ತೊಂದರವರೆಗೆ ಏನ್ ಮಾಡಿಸ್ಕೊಂಡ್ರೂ ಅವರ ಖರ್ಚು. ಒಂದನೇ ತಾರೀಕಿಂದ ಮತ್ತೆ ನಮ್ಮ ತಲೆ ಮೇಲೆ.”

“ಗೊರಕೆ ಬರ್ಕೋ.”

“ಬರ್ದಾಯ್ತು. ಇನ್ನೊಂದು ಹೇಳು.”

“ನನಗೆ ನಿನ್ನ ಮಾತು ಸರಿಯಾಗಿ ಕೇಳ್ಸಲ್ಲ.”

“ಕಿವಿ,” ಎಂದು ಅವಳು ಸಂತೋಷದಿಂದ ಬರೆದುಕೊಂಡಳು.

ಡೊರೀನ್ ಕೆಮ್ಮುವುದನ್ನೇ ಮರೆತಳು. ಅಷ್ಟರಲ್ಲಿ ನರ್ಸ್ ಅವರ ಹೆಸರು ಕೂಗಿದಳು. ಹೆಂಡತಿ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು.

“ನವೆಂಬರ್‌ನಲ್ಲಿ ಬಿದ್ದೆ ನೋಡು, ಅದೇ ತಪ್ಪು. ಜನವರಿಲಿ ಬಿದ್ದಿದ್ರೆ ವರ್ಷಪೂರ್ತಿ ಉಪಯೋಗಕ್ಕೆ ಬರ್ತಿತ್ತು.”

“ಜನವರಿಲಿ ಛಾವಣಿ ತುಂಬ ಹಿಮ ಇರುತ್ತೆ ಕಣೇ. ಕಾಲಿಟ್ರೆ ಜಾರುತ್ತೆ.”

“ಅದಕ್ಕೇ ಹೇಳಿದ್ದು,” ಎನ್ನುತ್ತ ಅವಳು ಅವನನ್ನು ಒಳಗೆ ನಡೆಸಿಕೊಂಡು ಹೋದಳು.